ಕ್ರೀಟ್‌ನವರು ತಿರುಗಿಬಿದ್ದದ್ದು ಮೊದಲು ಯಾರ ಮೇಲೆ?

ಗ್ರೀಸಿನ ದ್ವೀಪಗಳಿಂದ ಹೊರದೇಶಕ್ಕೆ ದುಡಿಯಲು ಹೋದವರು ಎಡಪಂಥದ ಕಡೆ ವಾಲಿದ್ದು ಯಾಕೆ, ಅದು ಊರಿಂದಲೇ ಹೊತ್ತು ತಂದ ಗುಣವಾ ಅಂತ ಕೇಳಿದ್ದೀರಿ. ಎಲ್ಲ ದ್ವೀಪಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. ಕ್ರೀಟ್‌ನಿಂದ ಅಮೆರಿಕದ ಗಣಿಗಳಿಗೆ ಹೋದವರ ಬಗ್ಗೆ ಮಾತ್ರ ಹೇಳುತ್ತೇನೆ. ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ ಕೆಲಸದಲ್ಲಿದ್ದಾಗ ಇವರ ಕತೆಯ ಹುಚ್ಚು ಹಿಡಿದಿತ್ತು.

ನನಗೆ ಕಂಡ ಹಾಗೆ, ಅವರ ಮೊದಲ ಜಗಳ ಅಮೆರಿಕದ ಗಣಿ ಮಾಲೀಕರ ಜೊತೆ ಅಲ್ಲ. ಇನ್ನೊಬ್ಬ ಗ್ರೀಕನ ಜೊತೆ.

ಅವನ ಹೆಸರು ಲಿಯೊನಿಡಾಸ್ ಸ್ಕ್ಲಿರಿಸ್. ಯೂಟಾ ರಾಜ್ಯದ ಗಣಿಗಳಿಗೆ, ರೈಲ್ವೆಗೆ ಆಳು ಒದಗಿಸುತ್ತಿದ್ದವನು. ನಮ್ಮ ಕಾಫಿ ತೋಟಗಳ ಕಡೆ ಮೇಸ್ತ್ರಿ ಅಂತೀವಲ್ಲ, ಹಾಗೆ. ಕೆಲಸ ಕೊಡಿಸಿದ್ದಕ್ಕೆ ದುಡ್ಡು, ಆಮೇಲೆ ತಿಂಗಳ ಸಂಬಳದಲ್ಲೂ ಪಾಲು. ಸಾಮಾನನ್ನೂ ಅವನು ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ಇಂಗ್ಲಿಷ್ ಬಾರದ ಹುಡುಗರು ಬೇರೆ ಯಾರನ್ನು ನಂಬಬೇಕು? ನಮ್ಮವನು ಅನ್ನುವ ನಂಬಿಕೆಯೇ ಅವನ ಬಂಡವಾಳ.

1912ರ ಸೆಪ್ಟೆಂಬರ್‌ನಲ್ಲಿ ಬಿಂಗಮ್ ಕಣಿವೆಯ ತಾಮ್ರದ ಗಣಿಯಲ್ಲಿ ಮುಷ್ಕರ ಶುರುವಾಯಿತು. ಯೂನಿಯನ್‌ನವರು ಕೂಲಿ ಹೆಚ್ಚಿಸಿ ಅಂದರು. ಕ್ರೀಟ್‌ನವರಿಗೆ ಅದಕ್ಕಿಂತ ಜಾಸ್ತಿ ಬೇಕಿದ್ದದ್ದು ಸ್ಕ್ಲಿರಿಸ್ ತೊಲಗುವುದು. ಬಂದೂಕು ಹಿಡಿದು ಗುಡ್ಡ ಹತ್ತಿ ಕೂತರು. ಟರ್ಕರ ವಿರುದ್ಧ ತಲೆಮಾರುಗಳಿಂದ ದಂಗೆ ಎದ್ದ ದ್ವೀಪದವರು, ಗುಡ್ಡ ಹತ್ತುವುದನ್ನು ಯೂನಿಯನ್ ಕಲಿಸಬೇಕಿರಲಿಲ್ಲ. ಸ್ಕ್ಲಿರಿಸ್ ರಾಜೀನಾಮೆ ಕೊಟ್ಟ. ಯೂನಿಯನ್‌ಗೆ ಮಾನ್ಯತೆ ಮಾತ್ರ ಸಿಗಲಿಲ್ಲ.

ಮಜಾ ನೋಡಿ, ಅಕ್ಟೋಬರ್‌ನಲ್ಲಿ ಗ್ರೀಸ್ ಮತ್ತು ನೆರೆಯ ದೇಶಗಳು ಟರ್ಕರ ಮೇಲೆ ಹೂಡಿದ ಬಾಲ್ಕನ್ ಯುದ್ಧ ಶುರುವಾದದ್ದೇ ತಡ, ಅಮೆರಿಕದಲ್ಲಿದ್ದ ಗ್ರೀಕರು ಗುಂಪು ಗುಂಪಾಗಿ ಹಡಗು ಹತ್ತಿ ಗ್ರೀಸಿನ ರಾಜನ ಸೈನ್ಯ ಸೇರಲು ಹೋದರು. ಇವರನ್ನು ಎಡಪಂಥೀಯರು ಅನ್ನೋಣವಾ, ರಾಷ್ಟ್ರವಾದಿಗಳು ಅನ್ನೋಣವಾ? ಅವರನ್ನೇ ಕೇಳಿದ್ದರೆ ನಕ್ಕುಬಿಡುತ್ತಿದ್ದರು ಅನ್ನಿಸುತ್ತೆ.

ಇನ್ನು ಲೂಯಿಸ್ ಟಿಕಾಸ್. ಕ್ರೀಟ್‌ನ ರೆಥಿಮ್ನೊ ಹತ್ತಿರದ ಲೂತ್ರಾ ಊರಿನವನು, ಹುಟ್ಟಿದ್ದು 1886ರಲ್ಲಿ. ಡೆನ್ವರ್‌ನಲ್ಲಿ ಕಾಫಿ ಅಂಗಡಿ ಇಟ್ಟಿದ್ದ. 1912ರಲ್ಲಿ ಕಲ್ಲಿದ್ದಲು ಗಣಿಗೆ ಹೋದದ್ದು ಬೇರೆಯವರ ಮುಷ್ಕರ ಮುರಿಯುವ ಆಳಾಗಿ! ಅಲ್ಲಿನ ಸ್ಥಿತಿ ಕಂಡು ಜೊತೆಗಿದ್ದ ಗ್ರೀಕರನ್ನೂ ಕಟ್ಟಿಕೊಂಡು ಕೆಲಸ ಬಿಟ್ಟು ಹೊರಗೆ ಬಂದ. ಪುಸ್ತಕ ಓದಿ ಯಾರೂ ಹೀಗೆ ಬದಲಾಗುವುದಿಲ್ಲ ಅಲ್ವಾ.

ಮುಂದಿನ ವರ್ಷ ಕೊಲೊರಾಡೊದ ಕಲ್ಲಿದ್ದಲು ಗಣಿಗಳ ನಡುವಿನ ಲಡ್ಲೋ. ಎಣ್ಣೆ ವ್ಯಾಪಾರದ ಸಿರಿವಂತ ರಾಕ್‌ಫೆಲರ್ ಮನೆತನದ ಹಿಡಿತದಲ್ಲಿದ್ದ ಗಣಿ ಕಂಪನಿಯ ವಿರುದ್ಧ ಮುಷ್ಕರ. ಕಂಪನಿ ಮನೆಗಳಿಂದ ಹೊರಬಿದ್ದ ಸುಮಾರು 1,200 ಜನ ಒಂದು ಚಳಿಗಾಲ ಪೂರ್ತಿ ಡೇರೆಯಲ್ಲೇ ಕಳೆದರು. ಆ ಬಿಡಾರದ ಮುಖಂಡ ಟಿಕಾಸ್. 1914ರ ಏಪ್ರಿಲ್ 19, ಗ್ರೀಕರ ಈಸ್ಟರ್. ಕುರಿ ಸುಟ್ಟರು, ಕುಣಿದರು. ಮರುದಿನ ಬೆಳಿಗ್ಗೆ ಮುಷ್ಕರ ಅಡಗಿಸಲು ಬಂದಿದ್ದ ರಾಜ್ಯದ ಸೈನ್ಯದ ಜೊತೆ ಗುಂಡಿನ ಕಾಳಗ, ಸಂಜೆಗೆ ಡೇರೆಗಳಿಗೆ ಬೆಂಕಿ. ಒಬ್ಬ ಸೇನಾಧಿಕಾರಿ ಸಿಕ್ಕಿಬಿದ್ದ ಟಿಕಾಸ್‌ನ ತಲೆಗೆ ಬಂದೂಕು ಮುರಿಯುವಷ್ಟು ಜೋರಾಗಿ ಹೊಡೆದ. ಆಮೇಲೆ ಬೆನ್ನಿಗೆ ಗುಂಡು ಬಿತ್ತು. ಹೆಣ ರೈಲು ಹಳಿ ಪಕ್ಕ ದಿನಗಟ್ಟಲೆ ಹಾಗೇ ಬಿದ್ದಿತ್ತು.

ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಬಯಲು, ಒಣ ಹುಲ್ಲು, ಗಾಳಿ. ನೆಲದಲ್ಲಿ ಕಬ್ಬಿಣದ ಬಾಗಿಲು. ಎತ್ತಿ, ಮೆಟ್ಟಿಲಿಳಿದರೆ ಒಂದು ಗುಂಡಿ. ಗುಂಡೇಟಿಗೆ ಹೆದರಿ ಡೇರೆಯ ಕೆಳಗಿನ ಆ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಹೊಗೆಗೆ ಉಸಿರುಕಟ್ಟಿ ಸತ್ತರು. ಅವರಲ್ಲಿ ಗ್ರೀಕರು ಯಾರೂ ಇರಲಿಲ್ಲ. ಕ್ರೀಟ್‌ನವರು ಹೆಚ್ಚಾಗಿ ಒಂಟಿ ಗಂಡಸರು. ಟಿಕಾಸ್ ಕೊನೆಯ ಗಂಟೆಗಳಲ್ಲಿ ಬಿಡಾರದಲ್ಲೇ ಉಳಿದದ್ದು ಬೇರೆ ಬೇರೆ ದೇಶದವರ ಹೆಂಡತಿ ಮಕ್ಕಳಿಗಾಗಿ.

ನೀವು ಇಕಾರಿಯಾ ದ್ವೀಪವನ್ನು ಮನಸ್ಸಲ್ಲಿಟ್ಟುಕೊಂಡು ಕೇಳಿದ್ದರೆ, ಅದು ಬೇರೆಯೇ ಕತೆ. ಅದಕ್ಕೆ 'ಕೆಂಪು ಬಂಡೆ' ಅಂತ ಹೆಸರು ಬಂದದ್ದು 1940ರ ದಶಕದ ಅಂತರ್ಯುದ್ಧದ ಹೊತ್ತಲ್ಲಿ ಸರ್ಕಾರವೇ ಸಾವಿರಾರು ಕಮ್ಯುನಿಸ್ಟರನ್ನು ಅಲ್ಲಿಗೆ ಗಡಿಪಾರು ಮಾಡಿದ ಮೇಲೆ. ಆದರೆ ಅಮೆರಿಕದ ಇಕಾರಿಯಾದವರು ಪಿಟ್ಸ್‌ಬರ್ಗ್‌ನಲ್ಲಿ ಸಂಘ ಕಟ್ಟಿದ್ದು 1903ರಲ್ಲೇ. ಸುಮ್ನೆ ಎರಡಕ್ಕೂ ಗಂಟು ಹಾಕಬೇಡಿ.

ಅಂದಹಾಗೆ ಟಿಕಾಸ್‌ಗೆ ಊರಲ್ಲಿದ್ದ ಹೆಸರು ಇಲಿಯಾಸ್ ಸ್ಪಾಂಟಿಡಾಕಿಸ್. ಲಡ್ಲೋ ಸ್ಮಾರಕದ ಕಲ್ಲಿನಲ್ಲಿ ಅದನ್ನು ಹುಡುಕಬೇಡಿ. ಅಲ್ಲಿ ಕೆತ್ತಿರುವುದು ಅವನು ಅಮೆರಿಕದಲ್ಲಿ ಇಟ್ಟುಕೊಂಡ ಹೆಸರು.