ಚಳಿಯನ್ನೇ ಕಾಣದ ಮಕ್ಕಳು ಕೇದಾರಕಂಠಕ್ಕೆ ಹೊರಟರೆ ಯಾವ ಬಟ್ಟೆ ಕೊಡಿಸಬೇಕು?

ಕಾಸರಗೋಡಿನ ಬದಿಯಡ್ಕದಿಂದ ಕೇಳಿದ್ದೀರಿ: ಹದಿನೈದರ ಮಗಳು, ಹದಿನಾರರ ಅಣ್ಣನ ಮಗ ಡಿಸೆಂಬರ್ ರಜೆಯಲ್ಲಿ ಮೊದಲ ಬಾರಿಗೆ ಬೆನ್ನಿಗೆ ಚೀಲ ಏರಿಸಿ ಉತ್ತರಾಖಂಡದ ಕೇದಾರಕಂಠ ಹತ್ತಲಿದ್ದಾರೆ, ಇಬ್ಬರಿಗೂ ಒಂದೊಂದು ದಪ್ಪ ಜಾಕೆಟ್ ಕೊಡಿಸಿದರೆ ಸಾಕೇ ಎಂದು. ಸಾಲದು ಅಕ್ಕಾ. ಆ ಹಣವನ್ನು ಮೊದಲು ಮೈಗೆ ತಾಗುವ ಬಟ್ಟೆಗೆ ಹಾಕಿ.

ನಾನು ಪೆರ್ಲದವನು. ಎರಡು ವರ್ಷದ ಹಿಂದೆ ಅಕ್ಕನ ಮಗನನ್ನು ಇದೇ ಬೆಟ್ಟಕ್ಕೆ ಕರೆದೊಯ್ದಿದ್ದೆ. ಚಳಿಯಾದೀತೆಂದು ಅವನು ಹತ್ತಿಯ ಬನಿಯನ್ ಮೇಲೆ ಜಾಕೆಟ್ ತೊಟ್ಟೇ ಏರಿದ. ಅರ್ಧ ಗಂಟೆಯಲ್ಲಿ ಬೆವರಿ ತೊಪ್ಪೆಯಾದ. ಚಹಾಕ್ಕೆಂದು ನಿಂತದ್ದೇ ತಡ, ಹಲ್ಲು ಕಟಕಟನೆ ಬಡಿಯತೊಡಗಿದವು. ಜಿಪ್ ಎಳೆಯಲೂ ಬೆರಳು ಮಣಿಯದೆ ಸುಮ್ಮನೆ ನನ್ನ ಮುಖ ನೋಡಿದ. ರಾತ್ರಿ ಡೇರೆಯ ಹಗ್ಗಕ್ಕೆ ಹಾಕಿದ ಆ ಬನಿಯನ್ ಬೆಳಿಗ್ಗೆ ಒಣಗಿದ ಅಡಿಕೆ ಹಾಳೆಯಂತೆ ಸೆಟೆದುಕೊಂಡಿತ್ತು.

ನಮ್ಮ ಸೆಕೆಗೆ ಹತ್ತಿಯಷ್ಟು ಹಿತವಾದದ್ದು ಬೇರೆಯಿಲ್ಲ, ಒಪ್ಪುತ್ತೇನೆ. ಆದರೆ ಅದು ಬೆವರನ್ನು ಹೀರಿ ಬಿಟ್ಟುಕೊಡುವುದಿಲ್ಲ, ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಶಿಖರದ ಎತ್ತರ ಸುಮಾರು 3,800 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ 6.5 ಡಿಗ್ರಿ ಉಷ್ಣತೆ ಇಳಿಯುವ ಲೆಕ್ಕದಲ್ಲಿ, ಎತ್ತರವೊಂದರಿಂದಲೇ ಕಡಲತಡಿಗಿಂತ 25 ಡಿಗ್ರಿಯಷ್ಟು ಕಡಿಮೆ. ಅದರ ಮೇಲೆ ಉತ್ತರದ ಚಳಿಗಾಲ, ಹಿಮ, ಗಾಳಿ.

ಹಾಗಾಗಿ ಒಳಗೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅಂದರೆ ಮೈಗಂಟುವ ಬೆಚ್ಚನೆಯ ಒಳಅಂಗಿ, ನಡುವೆ ಫ್ಲೀಸ್ ಎಂಬ ಹಗುರ, ಮೆತ್ತನೆಯ ಬೆಚ್ಚಗಿನ ಅಂಗಿ, ಹೊರಗೆ ಗಾಳಿ ನೀರು ತಡೆಯುವ ತೆಳು ಜಾಕೆಟ್. ಮಗಳ ಒಳಉಡುಪೂ ಹತ್ತಿಯದಾಗದಿರಲಿ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಏರುವಾಗ ಒಂದು ಪದರ ಕಳಚಬೇಕು, ನಿಂತ ಕೂಡಲೇ ತೊಡಬೇಕು. ಹೊರಡುವಾಗ ತುಸು ಚಳಿ ಅನ್ನಿಸಿದರೆ ಅದೇ ಸರಿ. ಗೆಳೆಯರೆದುರು ನಿಂತು ಬಟ್ಟೆ ಬದಲಿಸಲು ಈ ವಯಸ್ಸಿನ ಮಕ್ಕಳು ನಾಚುತ್ತಾರೆ, ಅದಕ್ಕೇ ಮನೆಯಲ್ಲೇ ಕಾರಣ ವಿವರಿಸಿ ಕಳುಹಿಸಿ. ಜೀನ್ಸ್ ಬೇಡವೇ ಬೇಡ.

ಮಲಗಲು ಇನ್ನೊಂದು ಜೊತೆ ಥರ್ಮಲ್ ಮತ್ತು ಉಣ್ಣೆಯ ಕಾಲುಚೀಲ ಇರಲಿ. ನಡೆಯುವಾಗ ಅವುಗಳನ್ನು ಮುಟ್ಟಲೇಬಾರದು. ಚಾಲಿ ಅಡಿಕೆಯ ಗೋಣಿಯೊಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಬೆನ್ನಚೀಲದ ಮಳೆಹೊದಿಕೆಗಿಂತ ಅದನ್ನೇ ನಾನು ನಂಬುತ್ತೇನೆ. ಕಿವಿ ಮುಚ್ಚುವ ಟೋಪಿ, ಗ್ಲೌಸ್ ಸರಿ. ಹಿಮದ ಬಿಸಿಲಿಗೆ ಕಣ್ಣು ಸುಡುತ್ತದೆ, ಕಪ್ಪು ಕನ್ನಡಕ ಮರೆಯಬೇಡಿ. ಬಿಗಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತದ ಓಡಾಟ ತಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಬೆರಳಾಡಿಸಲು ಜಾಗವಿರುವ ಬೂಟು ಕೊಡಿಸಿ.

ಇನ್ನು ನೀವು ಕೇಳಿದ ಆ ದಪ್ಪ ಜಾಕೆಟ್. ಅದು ಬೇಕಾಗುವುದು ಸಂಜೆಗೆ, ಡೇರೆಯ ಬಳಿ. ಬೆಳೆಯುವ ಮಕ್ಕಳು, ಮುಂದಿನ ವರ್ಷಕ್ಕೆ ತೋಳು ಗಿಡ್ಡವಾಗುತ್ತದೆ. ಚಾರಣ ಶುರುವಾಗುವ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತದೆ, ತೆಗೆದುಕೊಳ್ಳಲಿ.

ಹೊರಡುವ ಮುಂಚೆ ಒಂದು ಭಾನುವಾರ ಇಬ್ಬರನ್ನೂ ಅದೇ ಬೂಟು, ಅದೇ ಒಳಅಂಗಿ, ತುಂಬಿದ ಚೀಲದೊಂದಿಗೆ ನಮ್ಮ ಜಿಲ್ಲೆಯ ರಾಣಿಪುರಂ ಬೆಟ್ಟ ಹತ್ತಿಸಿ. ಮೇಲಿನ ಹುಲ್ಲುಗಾವಲಿನಲ್ಲಿ ಗಾಳಿಗೆ ಹತ್ತು ನಿಮಿಷ ಕೂರಿಸಿ, ಬೆನ್ನಿನ ಮೇಲೆ ಕೈಯಿಟ್ಟು ನೋಡಿ. ಬಟ್ಟೆ ಇನ್ನೂ ಒದ್ದೆಯಿದ್ದರೆ ಬದಲಿಸಲು ಸಮಯವಿರುತ್ತದೆ.