ಒಂಬತ್ತನೇ ಪ್ಯಾರಾದಿಂದ ಶುರು ಮಾಡಿ

ಪ್ರಿಯ ಲೇಖಕರಿಗೆ,

ನಮಸ್ಕಾರ. ನೀವು ಕಳಿಸಿದ 'ಓಡಲು ಬಿಡದ ಶತ್ರುಗಳು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿಷಯ ತುಂಬಾ ಚೆನ್ನಾಗಿದೆ. ಪೋಕೆಮಾನ್ ಗೇಮ್‌ಗಳಲ್ಲಿ ಕೆಲವು ಜೀವಿಗಳು ಎದುರಾಳಿಯನ್ನು ಓಡಲೂ ಬಿಡುವುದಿಲ್ಲ, ಇನ್ನೊಬ್ಬರಿಗೆ ಜಾಗ ಬಿಟ್ಟು ಹಿಂದೆ ಸರಿಯಲೂ ಬಿಡುವುದಿಲ್ಲ. ಇಂಥ ಹನ್ನೊಂದು ಹೆಸರುಗಳನ್ನು ನೀವು ಹುಡುಕಿ ತಂದಿದ್ದೀರಿ. ಒಂದೊಂದಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ತೊಂದರೆ ಇರುವುದೇ ಅಲ್ಲಿ. ನಾಲ್ಕನೇ ಹೆಸರಿಗೆ ಬರುವ ಹೊತ್ತಿಗೆ ದಿನಸಿ ಚೀಟಿ ಓದಿದ ಹಾಗೆ ಆಗಿಬಿಡುತ್ತದೆ.

ನಾನು ನೆಟ್ಟಗೆ ಎದ್ದು ಕೂತಿದ್ದು ಒಂಬತ್ತನೇ ಪ್ಯಾರಾದಲ್ಲಿ. ಆರನೇ ಕ್ಲಾಸಿನ ಬೇಸಿಗೆ ರಜೆ. ಅತ್ತೆ ಮನೆಯಲ್ಲಿ ಭಾವನ ಗೇಮ್‌ಬಾಯ್, ಅದರಲ್ಲಿ ಪೋಕೆಮಾನ್ ಫೈರ್‌ರೆಡ್ ಆಟ. ಡಿಗ್ಲೆಟ್ ಗುಹೆಯ ನಡುವೆ ನಿಮ್ಮ ಪೋಕೆಮಾನ್ ಚಾರ್ಮೀಲಿಯನ್‌ಗೆ ಉಳಿದಿದ್ದು ಏಳೇ ಏಳು ಎಚ್‌ಪಿ, ಅಂದರೆ ಪ್ರಾಣಬಲ. ಉಳಿದವೆಲ್ಲ ಆಗಲೇ ಮೂರ್ಛೆ ಹೋಗಿದ್ದವು. ಬ್ಯಾಗಿನಲ್ಲಿ ಚೇತರಿಕೆ ಕೊಡುವ ಒಂದು ಪೋಷನ್ ಕೂಡ ಇಲ್ಲ. ನೆಲದಿಂದ ಡಿಗ್ಲೆಟ್ ಅನ್ನುವ ಕಾಡು ಪೋಕೆಮಾನ್ ತಲೆ ಎತ್ತಿತು. ನೀವು 'ರನ್' ಒತ್ತಿದಿರಿ. ಅದು ಬಿಡಲಿಲ್ಲ. ಇದಿಷ್ಟನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಮುಂದಿನ ಪ್ಯಾರಾದಲ್ಲಿ ಮ್ಯಾಗ್ನೆಮೈಟ್ ಕಥೆಗೆ ಹೋಗಿಬಿಟ್ಟಿದ್ದೀರಿ. ಯಾಕೆ? ನಿಮ್ಮ ಲೇಖನ ಇರುವುದೇ ಆ ನಾಲ್ಕು ಸಾಲಿನಲ್ಲಿ.

ಅಲ್ಲೇ ನಿಂತು ನೋಡಿ. ಆ ಆಟದಲ್ಲಿ ಓಡಲು ಆಗದೇ ಇರುವುದು ಎರಡು ರೀತಿ. ಎದುರಿಗಿರುವ ಕಾಡು ಪೋಕೆಮಾನ್ ನಿಮಗಿಂತ ಚುರುಕಾಗಿದ್ದರೆ ಓಟ ತಪ್ಪಬಹುದು. ಆಗ ನಿಮ್ಮ ಸರದಿ ಹೋಗುತ್ತದೆ, ಒಂದು ಏಟೂ ಬೀಳುತ್ತದೆ. ಆದರೆ ಮತ್ತೆ ಮತ್ತೆ ಒತ್ತಿದಷ್ಟೂ ತಪ್ಪಿಸಿಕೊಳ್ಳುವ ಸಾಧ್ಯತೆ ಜಾಸ್ತಿಯಾಗುತ್ತದೆ. ಡಿಗ್ಲೆಟ್‌ನ ಅರೀನಾ ಟ್ರ್ಯಾಪ್ ಅನ್ನುವ ಹಿಡಿದಿಡುವ ಗುಣ ಹಾಗಲ್ಲ. ಇಲ್ಲಿ 'ರನ್' ಒತ್ತಿದರೆ ಸರದಿ ಹೋಗುವುದಿಲ್ಲ, ಏಟೂ ಬೀಳುವುದಿಲ್ಲ. ಡಿಗ್ಲೆಟ್ ತಡೆದಿದೆ ಅಂತ ಒಂದು ಸಾಲು ಬರುತ್ತದೆ. ಮತ್ತೆ ಅದೇ ನಾಲ್ಕು ಆಯ್ಕೆಗಳ ಮುಂದೆ ತಂದು ನಿಲ್ಲಿಸುತ್ತದೆ. ಬಲಗಡೆ ಕೆಳಮೂಲೆಯಲ್ಲಿ 'ರನ್' ಇದ್ದೇ ಇದೆ. ಹತ್ತು ಸಲ ಒತ್ತಿ, ಹತ್ತು ಸಲವೂ ಅದೇ ಸಾಲು. ಯಾರೂ ಅವಸರ ಮಾಡುವುದಿಲ್ಲ. ಕಾಯುತ್ತಾ ಕೂರುತ್ತದೆ ಅಷ್ಟೇ. ಹನ್ನೊಂದು ವರ್ಷದ ಮಗುವಿಗೆ ಅದು ಏಟಿಗಿಂತ ಜಾಸ್ತಿ ಭಯ ಅಲ್ವಾ? ನೀವು ಎಷ್ಟು ಸಲ ಒತ್ತಿದಿರಿ? ಅದನ್ನು ಬರೆಯಿರಿ.

ಇನ್ನೊಂದು ವಿಷಯ. 'ಡಿಗ್ಲೆಟ್ ಸಿಕ್ಕರೆ ಓಡುವ ಮಾತೇ ಇಲ್ಲ' ಅಂತ ಬರೆದಿದ್ದೀರಿ. ಅದು ತಪ್ಪು, ಮತ್ತು ಆ ತಪ್ಪಿನಿಂದ ನಿಮ್ಮ ಕಥೆಗೇ ನಷ್ಟ. ಫೈರ್‌ರೆಡ್‌ನಲ್ಲಿ ಡಿಗ್ಲೆಟ್‌ಗೆ ಎರಡರಲ್ಲಿ ಒಂದು ಗುಣ ಇರುತ್ತದೆ. ಕೆಲವಕ್ಕೆ ಅರೀನಾ ಟ್ರ್ಯಾಪ್, ಉಳಿದವಕ್ಕೆ ಓಟಕ್ಕೆ ಅಡ್ಡ ಬರದ ಸ್ಯಾಂಡ್ ವೇಲ್. ನೋಡಿದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಮೊದಲ ಮೂರರಿಂದ ಸಲೀಸಾಗಿ ಓಡಿ ಬಂದಿರುತ್ತೀರಿ. ನಾಲ್ಕನೆಯದು ಹಿಡಿದುಕೊಳ್ಳುತ್ತದೆ. ಗುಹೆ ಹೆದರಿಸುವುದು ಈ ಕಾರಣಕ್ಕೆ.

ಈಗ ನಿಮ್ಮ ಆರಂಭಕ್ಕೆ ಬರೋಣ. ಮೊದಲ ಎರಡು ಪ್ಯಾರಾ ಅಭಿಮನ್ಯು ಮತ್ತು ಚಕ್ರವ್ಯೂಹ. ತೆಗೆದುಬಿಡಿ. ಸಿಕ್ಕಿಬೀಳುವ ಮಾತು ಬಂದ ಕಡೆಯೆಲ್ಲ ನಾವು ಅಭಿಮನ್ಯುವನ್ನು ಕರೆಯುತ್ತೇವೆ, ಅದು ಒಂದು ಕಾರಣ. ಅದಕ್ಕಿಂತ ಮುಖ್ಯ, ಹೋಲಿಕೆ ಹೊಂದುವುದಿಲ್ಲ. ಹೊರಗೆ ಬರುವ ದಾರಿ ಗೊತ್ತಿಲ್ಲ ಅಂತ ತಿಳಿದೇ ಅವನು ಒಳಗೆ ಹೋದ. ಜಯದ್ರಥ ತಡೆದು ನಿಲ್ಲಿಸಿದ್ದು ಹಿಂದೆ ಬರುತ್ತಿದ್ದ ಭೀಮ, ಧರ್ಮರಾಯರನ್ನು. ನಿಮ್ಮ ಗುಹೆಯಲ್ಲಿ ನಡೆದದ್ದೇ ಬೇರೆ. ನೀವು ಸುಮ್ನೆ ಆ ಕಡೆಗೆ ದಾಟಲು ಹೊರಟಿದ್ದಿರಿ.

ಹೋಲಿಕೆ ಬೇಕೇ ಬೇಕು ಅಂದರೆ ಅರೀನಾ ಟ್ರ್ಯಾಪ್ ಇರುವ ಟ್ರಾಪಿಂಚ್ ಇದೆಯಲ್ಲ, ಅಲ್ಲಿ ನೋಡಿ. ನೀವು ಅದಕ್ಕೆ ಮೂರೇ ಸಾಲು ಕೊಟ್ಟಿದ್ದೀರಿ. ಮರಳಿನಲ್ಲಿ ಗುಳಿ ತೋಡಿ ತಳದಲ್ಲಿ ಬಾಯಿ ತೆರೆದು ಕಾಯುವ ಪ್ರಾಣಿ ಅದು. ಅದರ ಮೂಲವನ್ನು ನೀವೂ ನೋಡಿರುತ್ತೀರಿ. ಮಳೆ ಬೀಳದ ಜಗಲಿ ಅಂಚಿನಲ್ಲಿ, ನುಣ್ಣನೆ ಧೂಳಿನಲ್ಲಿ, ಆಲಿಕೆಯ ಆಕಾರದ ಪುಟ್ಟ ಪುಟ್ಟ ಗುಳಿಗಳು. ಇರುವೆ ಜಾರಿದರೆ ತಳದಲ್ಲಿರುವ ಹುಳ ಕೆಳಗಿನಿಂದ ಮರಳು ಎರಚುತ್ತದೆ. ಇರುವೆ ಹತ್ತುತ್ತದೆ, ಮಣ್ಣು ಕುಸಿಯುತ್ತದೆ, ಮತ್ತೆ ಜಾರುತ್ತದೆ. ಚಿಕ್ಕವರಿದ್ದಾಗ ನಾವೆಲ್ಲ ಕಡ್ಡಿ ಆಡಿಸಿ ಆ ಹುಳವನ್ನು ಮೇಲೆ ಕರೆದವರೇ. ಅರೀನಾ ಟ್ರ್ಯಾಪ್ ಯಾಕೆ ಹಾರುವ ಪೋಕೆಮಾನ್‌ಗಳನ್ನು ಹಿಡಿಯುವುದಿಲ್ಲ ಅಂತ ನೀವು ಕೇಳಿದ್ದೀರಿ. ಉತ್ತರ ಆ ಗುಳಿಯಲ್ಲೇ ಇದೆ. ರೆಕ್ಕೆ ಇರುವುದಕ್ಕೆ ಗುಳಿಯ ಭಯ ಏನು? ಗೇಮ್ ಮಾಡಿದವರು ಹುಳವನ್ನು ಗಮನಿಸಿ ನಿಯಮ ಬರೆದಿದ್ದಾರೆ. ಇದು ನನಗೆ ಬಹಳ ಇಷ್ಟವಾದ ವಿಷಯ.

ವಾಬಫೆಟ್ ಬಗ್ಗೆ ಬರೆದದ್ದರಲ್ಲಿ ನನ್ನ ಜಗಳ ಇದೆ. ಎದುರಾಳಿಯನ್ನು ಕದಲಲು ಬಿಡದ ಅದರ ಗುಣ, ಶ್ಯಾಡೋ ಟ್ಯಾಗ್, 'ಅನ್ಯಾಯದ ಪರಮಾವಧಿ' ಅಂತ ತೀರ್ಪು ಕೊಟ್ಟಿದ್ದೀರಿ. ಸ್ವಲ್ಪ ತಡೆಯಿರಿ. ಜಪಾನಿನಲ್ಲಿ ಆ ಗುಣದ ಹೆಸರು ಕಗೆಫುಮಿ. ಒಬ್ಬರ ನೆರಳನ್ನು ಇನ್ನೊಬ್ಬರು ತುಳಿಯುವ ಮಕ್ಕಳ ಆಟದ ಹೆಸರು ಅದು. ನೆರಳು ತುಳಿದಾಯಿತು, ನೀವು ನಿಂತಲ್ಲೇ ನಿಂತಿರಿ. ಆದರೆ ವಾಬಫೆಟ್ ತಾನಾಗಿ ಹೊಡೆಯುವುದೇ ಇಲ್ಲ. ನೀವು ಹೊಡೆದರೆ ಅದರ ಎರಡರಷ್ಟು ತಿರುಗಿಸಿ ಕೊಡುತ್ತದೆ. ಒಂದು ಬಗೆಯ ಏಟಿಗೆ ಕೌಂಟರ್, ಇನ್ನೊಂದು ಬಗೆಯದಕ್ಕೆ ಮಿರರ್ ಕೋಟ್. ಯಾವುದು ಬರುತ್ತದೆ ಅಂತ ಅದು ಊಹಿಸಬೇಕು, ಊಹೆ ತಪ್ಪಿದರೆ ಏಟು ತಿನ್ನಬೇಕು. ಹಿಡಿದಿಡುವವನ ಕೈಯಲ್ಲಿ ಕತ್ತಿ ಇಲ್ಲ. ನಿಮಗೆ ಬೀಳುವುದು ನೀವೇ ತಂದ ಏಟು. ಇದರಲ್ಲಿ ನನಗೆ ಒಂದು ನ್ಯಾಯ ಕಾಣುತ್ತದೆ.

ಅನ್ಯಾಯದ ಮಾತು ಆಡಬೇಕಾದ್ದು ಮೆಗಾ ಗೆಂಗಾರ್ ವಿಷಯದಲ್ಲಿ. 2013ರ ಎಕ್ಸ್ ಮತ್ತು ವೈ ಆಟಗಳಲ್ಲಿ ಬಂದದ್ದು. ಅದೇ ಶ್ಯಾಡೋ ಟ್ಯಾಗ್, ಜೊತೆಗೆ ಸ್ಪೆಷಲ್ ಅಟ್ಯಾಕ್ 170, ವೇಗ 130, ಎರಡೂ ಬಹಳ ಜಾಸ್ತಿ. ಹಿಡಿಯುವುದೂ ಅದೇ, ಮೊದಲು ಹೊಡೆಯುವುದೂ ಅದೇ. ಯಾವುದನ್ನು ಮುಗಿಸಬೇಕು ಅಂತ ಅದು ಆರಿಸುತ್ತದೆ, ಆರಿಸಿದ್ದನ್ನು ಮುಗಿಸುತ್ತದೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ಬರೆದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಈಗ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೀರಿ.

ಎರಡು ವಾಬಫೆಟ್ ಎದುರುಬದುರಾದರೆ ಇಬ್ಬರಿಗೂ ಬಿಡುಗಡೆ ಇಲ್ಲ ಅಂದಿದ್ದೀರಿ. ರೂಬಿ, ಸಫೈರ್ ಆಟಗಳ ಕಾಲದಲ್ಲಿ ಅದು ನಿಜ. ಇಬ್ಬರ ಬಳಿಯೂ ಸರದಿಗೊಮ್ಮೆ ಸ್ವಲ್ಪ ಸ್ವಲ್ಪ ಚೇತರಿಕೆ ಕೊಡುವ ಲೆಫ್ಟೋವರ್ಸ್ ಇದ್ದರೆ ಆ ಪಂದ್ಯ ಮುಗಿಯುವುದೇ ಇಲ್ಲ. ಆದರೆ 2006ರ ಡೈಮಂಡ್, ಪರ್ಲ್‌ನಿಂದ ಅದನ್ನು ಸರಿಪಡಿಸಿದರು. ಶ್ಯಾಡೋ ಟ್ಯಾಗ್ ಇರುವವರ ಮೇಲೆ ಇನ್ನೊಬ್ಬರ ಶ್ಯಾಡೋ ಟ್ಯಾಗ್ ನಡೆಯುವುದಿಲ್ಲ. ಹಾಗೆಯೇ, ದೆವ್ವದ ಜಾತಿಯವು ಮೊದಲಿನಿಂದಲೂ ತಪ್ಪಿಸಿಕೊಳ್ಳುತ್ತಿದ್ದವು ಅನ್ನುವುದು ಸರಿಯಲ್ಲ. ಆ ವಿನಾಯಿತಿ ಬಂದದ್ದು ಎಕ್ಸ್ ಮತ್ತು ವೈ ಆಟಗಳಿಂದ. ಮ್ಯಾಗ್ನೆಮೈಟ್ ಬರೀ ಉಕ್ಕಿನ ಜಾತಿಯನ್ನು ಹಿಡಿಯುತ್ತದೆ, ಇದನ್ನು ಸರಿಯಾಗಿ ಬರೆದಿದ್ದೀರಿ. ಒಂದು ಸಾಲಿಗೆ ಇಳಿಸಿದರೆ ಸಾಕು.

ಭಾಷೆಯ ಬಗ್ಗೆ ಒಂದು ಮಾತು. 'ಪಲಾಯನ ನಿರ್ಬಂಧಕ ಸಾಮರ್ಥ್ಯ' ಅಂತ ಏಳು ಕಡೆ ಬರೆದಿದ್ದೀರಿ. ಆ ಗೇಮ್‌ಬಾಯ್ ಹಿಡಿದು ಕೂತಾಗ ಪಕ್ಕದಲ್ಲಿದ್ದ ಭಾವನಿಗೆ ಏನಂದಿರಿ? 'ಓಡಕ್ಕೇ ಬಿಡ್ತಿಲ್ಲ ಕಣೋ' ಅಂದಿರುತ್ತೀರಿ. ಅದೇ ಮಾತು ಸಾಕು. ನಿಮ್ಮ ಓದುಗರಿಗೂ ಅದೇ ಹತ್ತಿರ.

ತಪ್ಪಿಸಿಕೊಳ್ಳುವ ಬಾಗಿಲುಗಳ ಬಗ್ಗೆ ನೀವು ಏನೂ ಬರೆದಿಲ್ಲ. ಚಾರ್ಮೀಲಿಯನ್ ಕೈಯಲ್ಲಿ ಸ್ಮೋಕ್ ಬಾಲ್ ಅನ್ನುವ ವಸ್ತು ಒಂದು ಇದ್ದಿದ್ದರೆ ಆ ಡಿಗ್ಲೆಟ್‌ನಿಂದಲೂ ಓಡಬಹುದಿತ್ತು. ರನ್ ಅವೇ ಗುಣ ಇರುವ ಪೋಕೆಮಾನ್‌ಗಳನ್ನೂ ಕಾಡಿನಲ್ಲಿ ಯಾರೂ ತಡೆಯಲಾರರು. ಬೇರೆ ದಿನಗಳಲ್ಲಿ ಈ ಎರಡನ್ನೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಏಳು ಎಚ್‌ಪಿ ಉಳಿದ ದಿನ ಅವುಗಳ ಬೆಲೆ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಕುತೂಹಲ. ಫೈರ್‌ರೆಡ್‌ನಲ್ಲಿ ಮೊದಲಿಗೆ ಚಾರ್ಮಾಂಡರ್ (ಚಾರ್ಮೀಲಿಯನ್‌ನ ಮರಿರೂಪ) ಆರಿಸಿಕೊಂಡವರಿಗೆ ಮುಖ್ಯ ಕಥೆ ಮುಗಿದು, ದ್ವೀಪಗಳ ಕೆಲಸವೂ ಆದ ಮೇಲೆ ಸುಯಿಕ್ಯೂನ್ ಅನ್ನುವ ಅಪರೂಪದ ಪೋಕೆಮಾನ್ ಸಿಗುತ್ತದೆ. ಅದು ಊರೂರು ಸುತ್ತುತ್ತದೆ, ಎದುರು ಸಿಕ್ಕ ತಕ್ಷಣ ಓಡಿಹೋಗುತ್ತದೆ. ಅದನ್ನು ಹಿಡಿಯಬೇಕಾದರೆ ಗೋಲ್‌ಬ್ಯಾಟ್‌ನ ಮೀನ್ ಲುಕ್‌ನಂಥದ್ದು ಬೇಕು. ದಿಟ್ಟಿಸಿ ನೋಡಿ ಓಡದಂತೆ ನಿಲ್ಲಿಸಬೇಕು. ಅಂದರೆ ಡಿಗ್ಲೆಟ್ ನಿಮಗೆ ಮಾಡಿದ್ದನ್ನೇ ನೀವು ಸುಯಿಕ್ಯೂನ್‌ಗೆ ಮಾಡಬೇಕು. ನೀವು ಅಲ್ಲಿಯವರೆಗೆ ಆಡಿದಿರಾ? ಅದನ್ನು ನಿಲ್ಲಿಸಿದಾಗ ಆ ಗುಹೆ ನೆನಪಾಯಿತಾ? ಅಥವಾ ರಜೆ ಮುಗಿದು ಗೇಮ್‌ಬಾಯ್ ಭಾವನ ಬಳಿಯೇ ಉಳಿಯಿತಾ?

ಎರಡರಲ್ಲಿ ಯಾವುದಾದರೂ ಸರಿ, ನಡೆದದ್ದನ್ನು ಹಾಗೇ ಬರೆಯಿರಿ. ಒಂಬತ್ತನೇ ಪ್ಯಾರಾ ಮೊದಲಿಗೆ ಬರಲಿ. ಹನ್ನೊಂದರಲ್ಲಿ ನಾಲ್ಕು ಹೆಸರು ಉಳಿಸಿಕೊಳ್ಳಿ: ಡಿಗ್ಲೆಟ್, ಟ್ರಾಪಿಂಚ್, ವಾಬಫೆಟ್, ಗೆಂಗಾರ್. ಒಂದು ತಿಂಗಳು ತಗೊಳ್ಳಿ, ಅವಸರ ಬೇಡ. ಕಳಿಸುವಾಗ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ