ಬೈಬಲ್ ಓದು, ಪ್ರಾರ್ಥನೆ ದಿನಾ ತಪ್ಪದೆ ನಡೆಸೋದು ಹೇಗೆ?

ನೀವು ಕೇಳಿದ್ದು ಇಷ್ಟು: ನಂಬಿಕೆ ಇದೆ, ಭಾನುವಾರ ಚರ್ಚಿಗೂ ಹೋಗುತ್ತೀರಿ, ಆದರೆ ದಿನಾ ಬೈಬಲ್ ಓದಿ ಪ್ರಾರ್ಥನೆ ಮಾಡಬೇಕು ಅಂತ ಶುರು ಮಾಡಿದ್ದು ಎಂಟೇ ದಿನಕ್ಕೆ ಬಿದ್ದುಹೋಗುತ್ತದೆ. ಓದಿದರೂ ಬದುಕಿನಲ್ಲಿ ಏನು ಬದಲಾಗುತ್ತದೆ ಅನ್ನೋದು ಎರಡನೇ ಪ್ರಶ್ನೆ.

ನಾನು ಬೋಧಕನಲ್ಲ. ಬಾಳೆಹೊನ್ನೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಮಸ್ಟರ್, ಅಂದರೆ ಆಳುಗಳ ಹಾಜರಿ, ಬರೆಯೋದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗೋದು, ಇದು ನನ್ನ ಕೆಲಸ.

ನಿಮ್ಮ ಹಾಗೆ ನಾನೂ ಬಿದ್ದವನೇ. ಮೂರು ಸಲ ಜನವರಿ 1ಕ್ಕೆ 'ವರ್ಷದಲ್ಲಿ ಪೂರ್ತಿ ಬೈಬಲ್' ಅಂತ ಹೊರಟೆ. ನಮ್ಮ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಬೀಳುತ್ತದೆ. ಮೊದಲ ಪುಸ್ತಕ ಆದಿಕಾಂಡ ಕತೆಯ ಹಾಗೆ ಓಡುತ್ತದೆ. ವಿಮೋಚನಕಾಂಡದಲ್ಲೂ ಸಮುದ್ರ ದಾಟುವ ತನಕ ತೊಂದರೆ ಇಲ್ಲ. ಆಮೇಲೆ ಆರಾಧನೆಯ ಗುಡಾರದ ಅಳತೆ, ಯಾಜಕಕಾಂಡದ ಬಲಿ ನಿಯಮ. ಅಷ್ಟರಲ್ಲಿ ಫೆಬ್ರವರಿ ಬಂತು, ಇಲ್ಲಿ ರೋಬಸ್ಟಾ ಕುಯ್ಲು. ಒಂದು ದಿನ ಬಿಟ್ಟರೆ ಮಾರನೇ ದಿನ ಏಳು ಅಧ್ಯಾಯ, ಎರಡು ದಿನ ಬಿಟ್ಟರೆ ಹತ್ತು. ಬಾಕಿ ಏರಿದ ಮೇಲೆ ಗಿರಾಕಿ ಆ ಅಂಗಡಿ ಮುಂದೆ ಓಡಾಡೋದನ್ನೇ ಬಿಡುತ್ತಾನೆ ಅಲ್ವಾ? ನಾನೂ ಅದೇ ಮಾಡಿದೆ.

ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಪ್ರಾರ್ಥನೆಗೆ ಹೋದ ಅಂತ ಮಾರ್ಕ 1:35ರಲ್ಲಿದೆ. ಅದನ್ನು ಓದಿ ನಾಲ್ಕು ಗಂಟೆಗೆ ಅಲಾರಾಂ ಇಟ್ಟೆ. ಡಿಸೆಂಬರಿನ ಮಲೆನಾಡು. ಕಂಬಳಿ ಗೆದ್ದಿತು.

ದಾರಿ ಸಿಕ್ಕಿದ್ದು ಹೆಂಡತಿಯ ತವರಿನಲ್ಲಿ. ಅವರು ಕೊಂಕಣಿ ಮಾತಾಡುವ ಕೆಥೋಲಿಕರು, ನಾವು ಸಿ.ಎಸ್.ಐ. ಅನ್ನೋ ಪ್ರಾಟೆಸ್ಟೆಂಟ್ ಸಭೆಯವರು. ಅವರ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಆಗಲೇಬೇಕು. ಯೇಸು, ಮರಿಯಳ ಬದುಕಿನ ಐದು ಘಟನೆ (ಅದನ್ನು ರಹಸ್ಯ ಅನ್ನುತ್ತಾರೆ), ಒಂದೊಂದಕ್ಕೆ ಹತ್ತು ಸಲ 'ನಮೋ ಮರಿಯ' ಪ್ರಾರ್ಥನೆ. ಒಲೆ ಮೇಲೆ ಅನ್ನ ಬೇಯುತ್ತಿರುತ್ತದೆ, ಮೊಮ್ಮಗ ತೂಕಡಿಸುತ್ತಿರುತ್ತಾನೆ, ಅತ್ತೆಯ ಕೈಯಲ್ಲಿ ಮಣಿ ಸರಿಯುತ್ತಿರುತ್ತದೆ. 'ಮನಸ್ಸು ಇಲ್ಲದ ದಿನ ಏನು ಮಾಡುತ್ತೀರಿ ಅತ್ತೆ?' ಅಂತ ಕೇಳಿದೆ. 'ಮನಸ್ಸು ಇಲ್ಲ ಅಂತ ಅನ್ನ ಇಡೋದು ಬಿಡ್ತೀನಾ?' ಅಂದರು.

ತೇರ್ಸ್ ನಮ್ಮ ರೂಢಿಯಲ್ಲಿ ಇಲ್ಲ. ಆದರೆ ಮನಸ್ಸನ್ನು ಕೇಳದೆ ಹೊತ್ತನ್ನು ನೋಡಿಕೊಂಡು ಮಾಡೋದು ನನಗೂ ಹಿಡಿಸಿತು. ಬೈಬಲಿನ ಜ್ಞಾನೋಕ್ತಿಗಳು ಅನ್ನೋ ಪುಸ್ತಕದಲ್ಲಿ 31 ಅಧ್ಯಾಯ ಇವೆ. ಇವತ್ತು ಎಷ್ಟನೇ ತಾರೀಖೋ ಅಷ್ಟನೇ ಅಧ್ಯಾಯ, ಬೆಳಗಿನ ಕಾಫಿ ಆರುವ ಮುಂಚೆ ಮುಗಿಯುತ್ತದೆ. ತಪ್ಪಿದರೆ ಬಾಕಿ ಇಲ್ಲ. ನಾಳೆ ನಾಳೆಯದು. ಒಂದನೇ ತಾರೀಖಿಗೂ ಕಾಯಬೇಕಿಲ್ಲ, ಇವತ್ತಿನದನ್ನೇ ತೆಗೆಯಿರಿ. ಪೂರ್ತಿ ಬೈಬಲ್ ಓದುವವರನ್ನು ನಾನು ಬೇಡ ಅನ್ನೋದಿಲ್ಲ, ಬೀಳುವವರಿಗೆ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ.

ನಾನು ಶುರು ಮಾಡಿದ್ದು ಒಂದು ನವೆಂಬರಿನಲ್ಲಿ. 11ನೇ ತಾರೀಖು 11ನೇ ಅಧ್ಯಾಯ ತೆಗೆದರೆ ಮೊದಲ ವಚನವೇ ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುತ್ತದೆ. ಓದಿ ಮುಂದೆ ಹೋದೆ. 16ನೇ ಅಧ್ಯಾಯದಲ್ಲಿ ಮತ್ತೆ ತಕ್ಕಡಿ. 20ರಲ್ಲಿ ಎರಡು ಸಲ. ಡಿಸೆಂಬರಿನಲ್ಲಿ ಪುನಃ 11, 16, 20. ತಿಂಗಳಿಗೆ ಮೂರು ದಿನ ಯಾರೋ ಬಾಗಿಲು ತಟ್ಟಿದ ಹಾಗೆ.

ತೋಟದಲ್ಲಿ ಹಣ್ಣು ಕುಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಚೀಲಕ್ಕೆ, ತೇವಕ್ಕೆ ಅಂತ ಪ್ರತಿ ಚೀಲದಲ್ಲಿ ಒಂದು ಕೆಜಿ ಕಳೆಯೋದು ನಾನು ಬರುವ ಮುಂಚಿನ ಪದ್ಧತಿ. ಹತ್ತು ವರ್ಷ ಸುಮ್ನೆ ಕಳೆಯುತ್ತಾ ಬಂದಿದ್ದೆ. ಜನವರಿ 11ರ ಸಂಜೆ ಎಲ್ಲರೂ ಹೋದ ಮೇಲೆ ಒಂದು ಖಾಲಿ ಗೊಬ್ಬರದ ಚೀಲ ತೂಕಕ್ಕೆ ಇಟ್ಟೆ. 150 ಗ್ರಾಂ. ಅಂದರೆ ಚೀಲಕ್ಕೆ 850 ಗ್ರಾಂ ಜಾಸ್ತಿ ಕಳೆಯುತ್ತಿದ್ದೆ. ದಿನಕ್ಕೆ 40 ಚೀಲ, 34 ಕೆಜಿ. ಮುಂಜಾನೆ ಇಬ್ಬನಿಯಲ್ಲಿ ಹಣ್ಣು ಒದ್ದೆ ಇರೋದು ನಿಜ, ಸಂಜೆ ತೂಗುವಾಗ ಅಷ್ಟೇನೂ ಇರುವುದಿಲ್ಲ.

ಧಣಿಗಳಿಗೆ ಹೇಳಿದೆ. 'ಎಲ್ಲ ಕಡೆ ನಡೆದುಕೊಂಡು ಬಂದಿದ್ದು ತಾನೇ' ಅಂದರು. ಎರಡು ವಾರ ಮಾತು ಸರಿ ಇರಲಿಲ್ಲ. ಕೆಲಸ ಹೋಗುತ್ತದೆ ಅಂತ ಹೆಂಡತಿಗೆ ಹೆದರಿಕೆ, ನನಗೂ ಇತ್ತು. ಕೊನೆಗೆ 200 ಗ್ರಾಂ ಕಳೆಯೋದು ಅಂತ ಆಯಿತು. ನನಗೆ 150 ಬೇಕಿತ್ತು.

ಪ್ರಾರ್ಥನೆಗೂ ಹೀಗೇ ಒಂದು ಹಿಡಿಕೆ ಸಿಕ್ಕಿತು. ಬೆಳಿಗ್ಗೆ ಮಸ್ಟರ್ ಕೂಗುವ ಮುಂಚೆ ಹಾಜರಿ ಪುಸ್ತಕದಿಂದ ಹತ್ತು ಆಳುಗಳ ಹೆಸರು, ಒಂದೊಂದಕ್ಕೆ ಒಂದು ಮಾತು, ಅಷ್ಟೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸು ಅನ್ನುತ್ತದೆ ಮತ್ತಾಯ 6:6. ನನಗೆ ಗೋಡೌನಿನ ಮೂಲೆ. ಅವರಲ್ಲಿ ಹೆಚ್ಚಿನವರು ಬೇರೆ ದೇವರಿಗೆ ಕೈ ಮುಗಿಯುವವರು, ಹೇಳಿಕೊಂಡು ತಿರುಗುವ ವಿಷಯ ಅಲ್ಲ. ಆದರೆ ಹೆಸರು ಹಿಡಿದು ಪ್ರಾರ್ಥಿಸಿದರೆ ಒಂದು ಫಜೀತಿ ಇದೆ: ಮೂರು ದಿನ ಆ ಹೆಸರಿಗೆ ಗೈರು ಬಿದ್ದರೆ ಆಳುಗಳು ಇರುವ ಲೈನ್ ಮನೆ ತನಕ ಹೋಗಿ ನೋಡದೆ ಇರಲು ಆಗುವುದಿಲ್ಲ.

ಉಳಿದಿರೋದು ಹಿಂದಿನ ಹತ್ತು ವರ್ಷ. ಬೈಬಲಿನಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ನಮ್ಮಲ್ಲಿ ಕುಯ್ಲಿಗೆ ಬಯಲುಸೀಮೆಯಿಂದ ಬಂದವರು ಮರುವರ್ಷ ಬೇರೆ ತೋಟಕ್ಕೆ ಹೋಗಿರುತ್ತಾರೆ, ಎಲ್ಲಿ ಹುಡುಕಲಿ? ಹಳೇ ಮಸ್ಟರ್ ಪುಸ್ತಕಗಳು ಬೀರುವಿನಲ್ಲಿವೆ. ಈಗ ಹತ್ತು ಹೆಸರನ್ನು ಅದರಿಂದಲೂ ತೆಗೆಯುತ್ತೇನೆ. ಅದರಿಂದ ಸಾಲ ತೀರಿತು ಅಂತ ನಾನು ಅಂದುಕೊಂಡಿಲ್ಲ. ಕಳೆದ ಕುಯ್ಲಿಗೆ ಆ ಹಳಬರಲ್ಲಿ ಒಬ್ಬಾಕೆ ಬಂದರು. ಪುಸ್ತಕ ನೋಡಿ ಲೆಕ್ಕ ಹಾಕಿ ನನ್ನ ಕೈಯಿಂದ ಕೊಟ್ಟೆ. ಎರಡು ಸಲ ಎಣಿಸಿ, 'ಇದು ಯಾವ ಬಾಬ್ತು ರೈಟ್ರೇ?' ಅಂದರು.

'ಹಳೇ ಚೀಲದ್ದು' ಅಂದೆ.